ಹುಣಸೆಯ ಗುರುತು



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದು ಒಂದು ಶೈಕ್ಷಣಿಕ ಜಿಲ್ಲೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ಬೀಗ ಬೀಳುವ ಹೊತ್ತಿಗೆ ಇಲ್ಲಿನ ಜಗಲಿಗಳ ಮೇಲೆ ಹುಣಸೆಹಣ್ಣಿನ ರಾಶಿ. ಓಡು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುವ ಕೆಲಸ ಬೇಗ ಮುಗಿಯುವಂಥದಲ್ಲ. ನಮ್ಮ ಮನೆಯಲ್ಲಿ ಆಗ ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳುತ್ತ ಕೈ ಆಡಿಸಬೇಕು. ನಾನು ಪಿಯುಸಿ ಮುಗಿಸಿದ ವರ್ಷ ಓದಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಅಚ್ಚಾದ, ಇಟ್ಟಿಗೆಯಷ್ಟು ದಪ್ಪದ ಕಾದಂಬರಿ. ಓದುವ ಸರದಿ ಬಂದಾಗ ಅಮ್ಮ ಕೈ ತೊಳೆಯದೆ ಹಿಡಿದಿದ್ದರಿಂದ ಕೊನೆಯ ಭಾಗದ ಒಂದು ಪುಟದ ಅಂಚಿನಲ್ಲಿ ಕಂದುಬಣ್ಣದ ಹೆಬ್ಬೆಟ್ಟು ಮೂಡಿದೆ.

ಆ ಪುಸ್ತಕವನ್ನು ನಾನು ಬಹುಪಾಲು ಬೇಸಿಗೆಗಳಲ್ಲಿ ಮತ್ತೆ ಓದಿದ್ದೇನೆ. ಮೊದಲ ಸಲ, ಮದುವೆ ತಪ್ಪಿಸಿಕೊಂಡು ಕತ್ತಲಲ್ಲಿ ಕಾಡು ಹಿಡಿಯುವ ಚಿನ್ನಮ್ಮನ ಬೆನ್ನಿಗೇ ನನ್ನ ಜೀವವೂ ಓಡಿತ್ತು. ಕಾದಂಬರಿಯಲ್ಲೇ ಬರುವ ಗುತ್ತಿ ಎಂಬವನ ನಾಯಿ ಹುಲಿಯನ ಕಡೆ ಲಕ್ಷ್ಯವೇ ಇರಲಿಲ್ಲ. ಹದಿಮೂರು ವರ್ಷ ಸಾಕಿದ ನಾಯಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿದ ವರ್ಷ ಮತ್ತೆ ಓದಿದೆ. ಉಕ್ಕಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟ ಬಂತು. ಮುಂದಿನ ಹಾಳೆ ಮಗುಚಲು ಆಗಲಿಲ್ಲ. ಅಮ್ಮನ ಹೆಬ್ಬೆಟ್ಟು ಇರುವುದು ಅದೇ ಪುಟದಲ್ಲಿ ಎಂದು ಆವತ್ತು ಕಂಡೆ. ಅಲ್ಲಿ ಅವಳೂ ಓದು ನಿಲ್ಲಿಸಿ ಕೂತಿದ್ದಳು.

ಮುಗಿಲು ನೋಡಿ ಬದುಕುವ ಸೀಮೆ ನಮ್ಮದು. ಕೆರೆಯಂಗಳ ಬಿರಿದ ಮೇ ತಿಂಗಳಲ್ಲಿ, ಪಾವಗಡದ ಬಿಸಿಲಿನಲ್ಲಿ, ಈ ಕಾದಂಬರಿಯ ಮಲೆನಾಡಿನ ಜಡಿಮಳೆಯನ್ನು ಓದುವ ಸುಖ ಮಲೆನಾಡಿನವರಿಗೂ ಇರಲಾರದು.

ರಜೆಗೆ ಹೊಸ ಪುಸ್ತಕ ಕೊಳ್ಳಿ, ಖಂಡಿತ. ಸಿರಾ ಸೀಮೆಯವರೇ ಆದ ಬರಗೂರು ರಾಮಚಂದ್ರಪ್ಪನವರ ಕಾದಂಬರಿ ಓದಿಲ್ಲವಾದರೆ ಈ ಬೇಸಿಗೆಗೆ ಅದನ್ನೇ ಆರಿಸಿಕೊಳ್ಳಿ. ಜೊತೆಗೆ, ಹಿಂದೆಂದೋ ನಿಮ್ಮನ್ನು ಅಳಿಸಿದ ಒಂದು ಪುಸ್ತಕವನ್ನೂ ಅಟ್ಟದಿಂದ ಇಳಿಸಿ. ಮಕ್ಕಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಮಗು ಓದಿದ್ದನ್ನೇ ಮತ್ತೆ ಎತ್ತಿಕೊಂಡು ಬಂದರೆ ದಯಮಾಡಿ ಗದರಬೇಡಿ.

ಈ ಭಾನುವಾರ ನಮ್ಮ ಜಗಲಿಯಲ್ಲಿ ಹುಣಸೆ ಕುಟ್ಟುತ್ತೇವೆ. ಪುಸ್ತಕ ಹೊರಗೆ ತೆಗೆದಿಟ್ಟಿದ್ದೇನೆ. ಓದುವ ಸರದಿ ಮಗಳದು. ಕೈ ತೊಳೆದುಕೋ ಎಂದು ನಾನು ಹೇಳುವುದಿಲ್ಲ.