ಮಹರ್, ಒಡವೆ, ಮನೆ: ನಿಮ್ಮ ಹಕ್ಕಿಗೆ ದಾಖಲೆ ಇರಲಿ



ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ವಿಚ್ಛೇದನದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಯಾವ ಸಂಸಾರವೂ ಮುರಿಯದಿರಲಿ ಎಂಬುದೇ ನಮ್ಮೆಲ್ಲರ ದುಆ. ಆದರೆ ಮುರಿದ ದಿನ ಯಾವುದು ಯಾರದು ಎಂಬ ಪ್ರಶ್ನೆ ಏಳುತ್ತದೆ. ಆಗ ತಿಳಿವಳಿಕೆ ಇಲ್ಲದ ಹೆಣ್ಣುಮಕ್ಕಳು ತಮ್ಮದನ್ನೂ ಬಿಟ್ಟು ಬರಿಗೈಯಲ್ಲಿ ತವರಿಗೆ ಮರಳುತ್ತಾರೆ.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಗೋವಾ ಬಿಟ್ಟರೆ ನಮ್ಮ ದೇಶದಲ್ಲಿ ಅಂಥ ನಿಯಮವಿಲ್ಲ. ಪತ್ರ ಯಾರ ಹೆಸರಿನಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಇಸ್ಲಾಮಿನಲ್ಲಿಯೂ ಪತಿ ಪತ್ನಿಯರ ಆಸ್ತಿ ಬೇರೆ ಬೇರೆ. ಹೆಣ್ಣಿನ ದುಡಿಮೆಯ ಹಣ, ತವರಿನ ಪಾಲು, ಮಹರ್, ಎಲ್ಲವೂ ಅವಳವೇ. ಒಬ್ಬಳನ್ನು ಬಿಟ್ಟು ಮತ್ತೊಬ್ಬಳನ್ನು ವರಿಸುವಾಗ, ಕೊಟ್ಟದ್ದು ಎಷ್ಟೇ ದೊಡ್ಡ ಸಂಪತ್ತಾಗಿರಲಿ, ಹಿಂದಕ್ಕೆ ಪಡೆಯಬೇಡಿರೆಂದು ಸೂರಃ ಅನ್ನಿಸಾದ 20ನೆಯ ವಚನ ಗಂಡಸರನ್ನು ಎಚ್ಚರಿಸುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ತಲಾಕ್ ಆದ ಮಹಿಳೆಗೆ ಮಹರ್ ಸಲ್ಲಬೇಕು. ಮದುವೆಗೆ ಮುಂಚೆ, ಮದುವೆಯಲ್ಲಿ, ಆನಂತರ ಬಂಧುಗಳು, ಸ್ನೇಹಿತರು, ಗಂಡ ಅಥವಾ ಅವನ ಮನೆಯವರು ಅವಳಿಗೆ ಕೊಟ್ಟದ್ದೆಲ್ಲ ಅವಳಿಗೆ ಮರಳಬೇಕು. ಇದು 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯ 3ನೆಯ ಕಲಮು. ಮುಂದಿನ ಬದುಕಿಗೆ ಸಾಕಾಗುವ ನ್ಯಾಯವಾದ ಏರ್ಪಾಡನ್ನು ಗಂಡ ಇದ್ದತ್ ಮುಗಿಯುವುದರೊಳಗೆ ಮಾಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಡೇನಿಯಲ್ ಲತೀಫಿ ಪ್ರಕರಣದಲ್ಲಿ ತೀರ್ಪಿತ್ತಿತು. ಮದುವೆಯಲ್ಲಿ ಹುಡುಗಿಯ ತಂದೆ ಕೊಟ್ಟ ಹಣ ಮತ್ತು ಚಿನ್ನ ಅವಳಿಗೆ ಮರಳಬೇಕೆಂದು 2025ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಿತು. ಆ ಮೊಕದ್ದಮೆಯಲ್ಲಿ ದೊಡ್ಡ ವಾದ ನಡೆದದ್ದು ಮದುವೆ ರಿಜಿಸ್ಟರಿನ ಒಂದು ನಮೂದಿನ ಮೇಲೆ. ಒಂದು ಸಾಲಿನ ಬರಹಕ್ಕೆ ಎಷ್ಟು ಬೆಲೆಯಿದೆ ನೋಡಿ!

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ನಿವೇಶನ ಕೊಳ್ಳಲು ಹೆಂಡತಿಯ ಬಳೆ, ಸರ ಮಾರಾಟವಾಗುತ್ತವೆ. ನೋಂದಣಿ ಮಾತ್ರ ಗಂಡನ ಹೆಸರಿನಲ್ಲಿ. ಹತ್ತು ವರ್ಷದ ಮೇಲೆ ಸಂಬಂಧ ಕಡಿದಾಗ ಒಡವೆಯೂ ಇಲ್ಲ, ಮನೆಯೂ ಇಲ್ಲ. ಅವಳ ಬಳಿ ಉಳಿದಿರುವುದು ಬಾಯಿಮಾತು ಮಾತ್ರ.

ಆದ್ದರಿಂದ ಸಹೋದರಿಯರೇ, ಈ ಕೆಲಸಗಳನ್ನು ತಪ್ಪದೆ ಮಾಡಿ. ನಿಕಾಹ್‌ನಾಮೆಯಲ್ಲಿ ಮಹರ್ ಎಷ್ಟು, ಸಂದದ್ದೆಷ್ಟು, ಬಾಕಿ ಎಷ್ಟು ಎಂದು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಉಡುಗೊರೆಗಳ ಪಟ್ಟಿ ಮಾಡಿ ಎರಡೂ ಕಡೆಯವರ ಸಹಿ ಹಾಕಿಸಿ. 1985ರ ಕೇಂದ್ರ ನಿಯಮಗಳೇ ಇಂಥ ಪಟ್ಟಿ ಬೇಕೆನ್ನುತ್ತವೆ. ಚಿನ್ನದ ರಸೀದಿಗಳನ್ನು ತವರಿನಲ್ಲಿಡಿ. ಮನೆಗೆ ಹಣ ಹಾಕುವುದಾದರೆ ಬ್ಯಾಂಕಿನ ಮೂಲಕ ಹಾಕಿ, ನೋಂದಣಿಯಲ್ಲಿ ನಿಮ್ಮ ಹೆಸರೂ ಇರಲಿ. ಗಂಡ ಹಿಬಾ ಕೊಟ್ಟರೆ ಸ್ವಾಧೀನವನ್ನೂ ಪಡೆಯಿರಿ, ಬರಹದಲ್ಲೂ ಪಡೆಯಿರಿ.

ಮನಸ್ತಾಪ ಬಂದಾಗ ಒಡವೆ, ಲಾಕರ್, ಬ್ಯಾಂಕ್ ಖಾತೆ ಕೈಬಿಟ್ಟು ಹೋಗುವ ಭಯವಿದ್ದರೆ, ದೌರ್ಜನ್ಯಕ್ಕೊಳಗಾದ ಪತ್ನಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 18ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ಪಡೆಯಬಹುದು. ಖುಲಾ ಕೇಳುವಾಗ ಮಹರ್ ಬಿಟ್ಟುಕೊಡುವ ಮಾತು ಬರುವುದುಂಟು. ಆದರೆ ಮಹರ್ ಬೇರೆ, ತವರಿನ ಒಡವೆ ಬೇರೆ. ಎಲ್ಲವನ್ನೂ ಬಿಟ್ಟೆನೆಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಬಾಕಿ ಮಹರ್‌ಗಾಗಿ ಸಿವಿಲ್ ದಾವೆ ಹೂಡಲು ವಿಚ್ಛೇದನದಿಂದ ಮೂರು ವರ್ಷಗಳ ಅವಧಿ ಮಾತ್ರ ಇದೆ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಜಮಾಅತಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಕಾಹ್ ರಿಜಿಸ್ಟರಿಗೆ ಉಡುಗೊರೆ ಪಟ್ಟಿಯ ಒಂದು ಹಾಳೆ ಸೇರಿಸಿ, ಅದನ್ನು ಜೋಪಾನವಾಗಿಡಿ. ಇದು ಅಪನಂಬಿಕೆಯ ಮಾತಲ್ಲ. ಸಾಲ ಕೊಡುವಾಗಲೂ ಬರೆದಿಡಿರೆಂದು ಕಲಿಸಿದ ಧರ್ಮ ನಮ್ಮದು. ಮಗಳ ಮದುವೆಗೆ ಊಟದ ಲೆಕ್ಕವನ್ನು ಪೈಸೆ ಪೈಸೆಗೆ ಬರೆದಿಡುವ ನಾವು ಅವಳ ಹಕ್ಕಿನ ಲೆಕ್ಕವನ್ನೂ ಬರೆದಿಡೋಣ.

ಅಲ್ಲಾಹನು ನಮ್ಮ ಮನೆಗಳಲ್ಲಿ ನೆಮ್ಮದಿಯನ್ನೂ ವ್ಯವಹಾರದಲ್ಲಿ ನ್ಯಾಯವನ್ನೂ ನೀಡಲಿ. ಆಮೀನ್.