ಉಗ್ಗುತ್ತಿದ್ದ ಹುಡುಗ ನಗಿಸಿದ ಬಗೆ



ಟಿವಿಯಲ್ಲಿ ಮಿಸ್ಟರ್ ಬೀನ್ ನೋಡಿ ನಗದವರು ಇಲ್ಲಿ ಯಾರೂ ಇರಲಾರರು. ಆ ಪಾತ್ರಧಾರಿ ರೋವನ್ ಅಟ್ಕಿನ್ಸನ್ ಕೂಡ ಇಂಜಿನಿಯರಿಂಗ್ ಓದಿದವರೆಂದು ತಿಳಿದಾಗ ಬಿ.ಇ. ಮಾಡಿದ ನನಗೆ ಸ್ವಲ್ಪ ಜಂಬವೇ ಬಂತು! 1955ರಲ್ಲಿ ಇಂಗ್ಲೆಂಡಿನ ಕಾನ್ಸೆಟ್ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ನ್ಯೂಕ್ಯಾಸಲ್‌ನಲ್ಲಿ ಎಲೆಕ್ಟ್ರಿಕಲ್ ಓದಿ, ಎಂ.ಎಸ್ಸಿ.ಗೆ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಸಿಕ್ಕ ರಿಚರ್ಡ್ ಕರ್ಟಿಸ್ ಜೊತೆ ಸೇರಿ ಸಣ್ಣ ಸಣ್ಣ ಪ್ರಹಸನ ಕಟ್ಟಿದರು.

ಅವರಿಗೆ ಉಗ್ಗು ಇತ್ತು. 'ಬ' ಬಂದರೆ ತುಟಿ ಕಟ್ಟಿದ ಹಾಗೆ. ಆದರೆ ಬೇರೊಬ್ಬರ ಪಾತ್ರ ಹೊಕ್ಕೊಡನೆ ಮಾತು ಸರಾಗವಾಗುತ್ತಿತ್ತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. 'ಬ'ವನ್ನು ಒತ್ತಿ ಉಚ್ಚರಿಸುವುದೇ ಮುಂದೆ ಅವರ ಹಾಸ್ಯದ ಒಂದು ಪಟ್ಟಾಯಿತು. 1979ರಲ್ಲಿ ಬಿಬಿಸಿಯ 'ನಾಟ್ ದ ನೈನ್ ಓ ಕ್ಲಾಕ್ ನ್ಯೂಸ್' ಹೆಸರು ತಂದಿತು. 1990ರ ಜನವರಿ 1ರಂದು ಬೀನ್ ಬಂದ. ಅವನಿಗೆ ಮಾತೇ ಕಡಿಮೆ, ಅದಕ್ಕೇ ನಮ್ಮಜ್ಜಿಗೂ ಅರ್ಥವಾಗುತ್ತಿದ್ದ.

ಹಾಜರಿ ಕೂಗಿದಾಗ 'ಎಸ್ ಸಾರ್' ಎನ್ನಲೂ ತಡವರಿಸುವ ಮಕ್ಕಳು ನಮ್ಮ ಕಾಲದಲ್ಲಿದ್ದರು, ಈಗಲೂ ಇದ್ದಾರೆ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ವಾರ್ಷಿಕೋತ್ಸವದ ನಾಟಕಕ್ಕೆ ಹುಡುಗರನ್ನು ಆರಿಸುವಾಗ ಅವರನ್ನೂ ಒಮ್ಮೆ ಕರೆದು ನೋಡಿ. ಪರದೆ, ಬಣ್ಣದ ಖರ್ಚು ನಮ್ಮ ಬ್ಯಾಚಿನದು.