ಮುಚ್ಚಳದ ಒಳಗಿನ ನಕ್ಷೆ



ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದರ ಮುಚ್ಚಳದ ಒಳಬದಿಗೆ ವೈರಿಂಗ್ ನಕ್ಷೆಯೊಂದನ್ನು ಅಂಟಿಸಿರುತ್ತಾರೆ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ 6 ತಂತಿಗಳು ಹೋಗುತ್ತವೆ. ಯಾವ ತಂತಿ ಎಲ್ಲಿಗೆ ಎಂಬುದನ್ನು ತಿಳಿಸುವುದು ಈ ನಕ್ಷೆ. ಅದು ಅಳಿಸಿಹೋದರೆ ರಿಪೇರಿಗೆ ಬಂದವರು ಊಹೆಯ ಮೇಲೆ ಕೈಹಾಕಬೇಕಾಗುತ್ತದೆ. ತಂತಿ ಅದಲುಬದಲಾದರೆ ಮೋಟಾರು ಸುಟ್ಟೀತು. ಜೀವಕ್ಕೂ ಅಪಾಯ ಬಂದೀತು.

ನಕ್ಷೆ ಹಾಳಾಗುವುದೇಕೆ? ಮಳೆಗಾಲದ ತೇವವನ್ನು ಕಾಗದ ಹೀರಿಕೊಳ್ಳುತ್ತದೆ, ಅಂಟು ಸಡಿಲಾಗುತ್ತದೆ. ಕಳಚಿದ ಹಾಳೆ ಒಳಗಿನ ಕಾಂಟ್ಯಾಕ್ಟುಗಳ ಮೇಲೆ ಬಿದ್ದರೆ ಕಿಡಿ ತಗುಲಿ ಹೊತ್ತಿಕೊಳ್ಳಲೂಬಹುದು. ಅಂಗಡಿಯ ಬಿಲ್ಲಿಗೆ ಬಳಸುವ ಥರ್ಮಲ್ ಕಾಗದವಂತೂ ಬಿಸಿಗೆ ಕಪ್ಪಾಗುತ್ತದೆ. ಲೇಸರ್ ಮುದ್ರಣದ ಟೋನರ್ ಎಂಬುದು ಪ್ಲಾಸ್ಟಿಕ್ ಬೆರೆತ ಪುಡಿ. ಅದು ಬಿಸಿಗೆ ಕರಗಿ ಕಾಗದಕ್ಕೆ ಹತ್ತಿಕೊಳ್ಳುವುದರಿಂದ ನೀರಿಗೆ ಕದಡುವುದಿಲ್ಲ.

ಕಾಗದಕ್ಕಿಂತ ಪಾಲಿಯೆಸ್ಟರ್ ಹಾಳೆ ಹೆಚ್ಚು ಬಾಳುತ್ತದೆ. ಕಾಗದವೇ ಆದರೆ ಲ್ಯಾಮಿನೇಟ್ ಮಾಡಿಸಿ, ಸುತ್ತಲೂ ಪ್ಲಾಸ್ಟಿಕ್ಕಿನ ಅಂಚು ಬಿಡಬೇಕು. ಇಲ್ಲವಾದರೆ ಕತ್ತರಿಸಿದ ಅಂಚಿನಿಂದಲೇ ತೇವ ನುಗ್ಗುತ್ತದೆ. ಮುಚ್ಚಳದ ಎಣ್ಣೆ, ದೂಳನ್ನು ಒರೆಸಿ, ಒಣಗಿದ ಮೇಲೆ ಅಂಟಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತಬೇಕು. ಸ್ಕ್ರೂ ಹಾಕಲೆಂದು ಮುಚ್ಚಳವನ್ನು ಕೊರೆಯಬಾರದು. ಆ ರಂಧ್ರದಿಂದ ನೀರು ಇಳಿಯುತ್ತದೆ. ಕೊರೆದ ಲೋಹದ ಚೂರುಗಳು ತಂತಿಗಳ ನಡುವೆ ಬೀಳುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ವೈರಿಂಗ್ ಬದಲಾದ ದಿನವೇ ನಕ್ಷೆಯೂ ಬದಲಾಗಬೇಕು, ಅದರ ಮೇಲೆ ತಾರೀಖು ಇರಬೇಕು. ಗಟ್ಟಿಯಾಗಿ ಅಂಟಿಕೊಂಡ ತಪ್ಪು ನಕ್ಷೆ, ನಕ್ಷೆಯೇ ಇಲ್ಲದ ಪೆಟ್ಟಿಗೆಗಿಂತ ಅಪಾಯಕಾರಿ. ಏಕೆಂದರೆ ಅದನ್ನು ಜನ ನಂಬುತ್ತಾರೆ.

ಪೆಟ್ಟಿಗೆಯನ್ನು ನೀವೇ ತೆರೆಯಬೇಡಿ. ಬಲ್ಲವರು ವಿದ್ಯುತ್ ಕಡಿತಗೊಳಿಸಿ ತೆರೆದಾಗ ಒಮ್ಮೆ ಮುಚ್ಚಳದತ್ತ ನೋಡಿ.